ಲಂಟಾನ ಕದನದಲ್ಲಿ ಹೊಂಬಾಳಮ್ಮ ಮುಯ್ಯಿ ತೀರಿಸಿದ್ದು

ಆ ಭಾನುವಾರದ ಮುಂಜಾನೆ ಮಂಜು ಬಿದ್ದಿತ್ತು. ಬಿದ್ದಿತ್ತು ಎಂದಷ್ಟೇ ಹೇಳಿದರೆ ಕಥೆಗೆ ಅನ್ಯಾಯವಾದೀತು. ಮಾರ್ಗಶಿರ ಮಾಸದ ಹಿಮಧೂಮಧೂಸರಿತವಾದ ಆ ಉಷಃಕಾಲದಲ್ಲಿ, ಸಪ್ತಾಶ್ವರಥಾರೂಢನೂ ಸಕಲಲೋಕಸಾಕ್ಷಿಯೂ ಆದ ಭಗವಾನ್ ಸೂರ್ಯನಾರಾಯಣನು ಮೂಡಲ ದಿಕ್ಕಿನ ಹುಣಿಸೆಮರಗಳ ಹಿಂದೆ ತನ್ನ ಕುದುರೆಗಳ ಲಗಾಮು ಜಗ್ಗಿ ನಿಂತು, ಈ ಹೊತ್ತು ಕೆಳಗೆ ನಡೆಯಲಿರುವುದನ್ನು ನೋಡುವುದೋ ಬಿಡುವುದೋ ಎಂದು ಯೋಚಿಸುತ್ತಿರುವಂತೆ ತೋರುತ್ತಿತ್ತು. ಸೈಕ್ಲೋನ್ ಮಳೆ ಆಗಷ್ಟೇ ನಿಂತಿತ್ತು. ನೆಲ ಮೆತ್ತಗಾಗಿ, ಇಟ್ಟ ಹೆಜ್ಜೆಯನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತಿತ್ತು.

ಇಂತಹ ಬೆಳಗಿನಲ್ಲಿ, ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ಭರತಖಂಡದಲ್ಲಿ, ಕಾವೇರಿ ನಾಲೆಯ ನೀರುಂಡು ಕಬ್ಬು ಬೆಳೆಯುವ ಮಂಡ್ಯ ಸೀಮೆಯಲ್ಲಿ, ಕಲ್ಲುಕಟ್ಟೆ ಎಂಬ ಸಣ್ಣ ಪಟ್ಟಣದ ಹೊರಗಿನ ವೃಕ್ಷೋದ್ಯಾನದಲ್ಲಿ ನಡೆದ ಮಹಾಕದನವನ್ನು ಹೇಳಲು ಹೊರಟಿದ್ದೇನೆ. ಕಟ್ಟೆಯ ಮೇಲಿನ ಮಾರವ್ವ ತಾಯಿ, ನಿನ್ನ ಪಾದದ ಧೂಳು ನನ್ನ ನಾಲಗೆಯ ಮೇಲಿರಲಿ. ಸುಳ್ಳು ಹೇಳದಂತೆ ಕಾಪಾಡು. ಕೊಂಚ ಹಿಗ್ಗಿಸಿ ಹೇಳಿದರೆ ಹೊಟ್ಟೆಗೆ ಹಾಕಿಕೋ.

ಯಾರ ಕಥೆಯೆಂದರೆ, ಘರಟ್ಟಘೋಷಮಧ್ಯವಾಸಿನಿ, ಗೋಧೂಮಚೂರ್ಣಧವಳಿತಕುಂತಲೆ, ತುಲಾಧರ್ಮಪರಿಪಾಲಿನಿ, ಋಣಲೇಶಾಸಹಿಷ್ಣು ಎಂಬ ಬಿರುದುಗಳಿಗೆ ಪಾತ್ರಳಾದ ವೀರಾಂಗನೆಯ ಕಥೆ. ಅಂದರೆ ಸಂತೆಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೊಂಬಾಳಮ್ಮನ ಕಥೆ. ಈ ತಾಯಿಯ ಗಿರಣಿಯಲ್ಲಿ ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟನ್ನೂ ಕೋಳಿಪುಕ್ಕದಿಂದ ಗುಡಿಸಿ, ಯಾರ ರಾಗಿಯೋ ಅವರ ಡಬ್ಬಿಗೇ ಹಾಕಲಾಗುತ್ತಿತ್ತು. ಯಾರಾದರೂ ಬಾಳೆಎಲೆಯಲ್ಲಿ ಒಂದು ಹೋಳಿಗೆ ಕೊಟ್ಟರೆ ಸಂಜೆಯೊಳಗೆ ಅದೇ ಎಲೆಯಲ್ಲಿ ಕಜ್ಜಾಯ ತಿರುಗಿ ಹೋಗುತ್ತಿತ್ತು. ಕೊಟ್ಟವರು ಬೇಡವೆಂದರೂ ಹೋಗುತ್ತಿತ್ತು. ಬೇಡವೆಂದರೆ ಎರಡು ಹೋಗುತ್ತಿತ್ತು.

ಆಕೆಯ ಎದುರಾಳಿಯೇನು ಸಾಮಾನ್ಯನೇ. ಶಕಟಸೋಪಾನವಿಹಾರಿ, ರಜತಸೀಟಿಶಂಖಧಾರಿ, ಉದ್ದಂಡಮೇರುದಂಡ, ಚಿಲ್ಲರೆಪ್ರದಾನವಿಮುಖ ಎಂದು ಮೂರು ತಾಲ್ಲೂಕುಗಳಲ್ಲಿ ಹೆಸರಾದ ಬೋರಲಿಂಗಯ್ಯ. ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದವನು. ತುಂಬಿದ ಬಸ್ಸಿನಲ್ಲಿ, ಹಳ್ಳಕೊಳ್ಳದ ರಸ್ತೆಯಲ್ಲಿ, ಕಂಬಿ ಹಿಡಿಯದೆ ನೆಟ್ಟಗೆ ನಿಂತು ಟಿಕೆಟ್ ಹರಿದ ಆ ಬೆನ್ನು ಯಾರ ಮುಂದೆಯೂ ಬಗ್ಗಿದ್ದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ನಿವೃತ್ತಿಯ ದಿನ ಎಲ್ಲವನ್ನೂ ಡಿಪೋಗೆ ಒಪ್ಪಿಸಿದವನು ಸೀಟಿಯನ್ನು ಮಾತ್ರ ಒಪ್ಪಿಸಿರಲಿಲ್ಲ.

ಇವರಿಬ್ಬರೂ ಒಂದೇ ಪಕ್ಷದವರು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇಬ್ಬರಿಗೂ ಸಮಾನ ಶತ್ರುವೊಬ್ಬನಿದ್ದ. ಕಂಟಕಕವಚಿತಕಾಂಡನೂ ಪಂಚವರ್ಣಕುಸುಮಕಿರೀಟಿಯೂ ಆದ ಆ ದುರುಳನ ಹೆಸರು ಲಂಟಾನ. ಯಾವುದೋ ಕಾಲದಲ್ಲಿ ಸಮುದ್ರದಾಚೆಯಿಂದ ಹೂಕುಂಡದ ಅತಿಥಿಯಾಗಿ ಬಂದು, ಉಂಡು, ಬೇಲಿ ಹಾರಿ, ತೋಪಿಗೆ ತೋಪನ್ನೇ ನುಂಗಿ ಕೂತವನು. ಮೇಕೆ ಅವನನ್ನು ಮುಟ್ಟದು. ಅವನ ನೆರಳಲ್ಲಿ ಹುಲ್ಲು ಹುಟ್ಟದು. ಪಿಕಳಾರ ಹಕ್ಕಿಗಳಿಗೆ ಕರಿಹಣ್ಣಿನ ಲಂಚ ತಿನ್ನಿಸಿ, ಅವುಗಳ ಹೊಟ್ಟೆಯಲ್ಲೇ ತನ್ನ ಸೈನ್ಯವನ್ನು ಊರೂರಿಗೆ ಸಾಗಿಸುವ ಮಾಯಾವಿ. ಈಗ ವೃಕ್ಷೋದ್ಯಾನವಾಗಿರುವ, ದೇವರಿಗೆ ಬಿಟ್ಟಿದ್ದ ಆ ಹಳೆಯ ತೋಪಿನಲ್ಲಿ ಬಿಲ್ವದ ಸಸಿ, ಮುತ್ತುಗದ ಸಸಿ, ತಾರೆಯ ಸಸಿಗಳು ಅವನ ಕೆಳಗೆ ಬೆಳಕು ಕಾಣದೆ ಬಡಕಲಾಗಿದ್ದವು.

ಅವನ ಮೇಲೆ ದಂಡೆತ್ತಿದವರು ಪಟ್ಟಣದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ವನಜಾಕ್ಷಿ ಮೇಡಂ. ಕರಾವಳಿಯ ಕಡೆಯವರು, ಮೆಲುದನಿ, ಯಾರಿಗೂ ನೋವಾಗಬಾರದೆಂಬ ಸ್ವಭಾವ. ವಾಟ್ಸ್ಯಾಪಿನಲ್ಲಿ ಕರೆ ಕೊಟ್ಟು ಭಾನುವಾರದ ಬಳಗ ಕಟ್ಟಿದರು. ತೋಪನ್ನು ಸುಣ್ಣ ಬಳಿದ ಕಲ್ಲುಗಳಿಂದ ತಾಕು ತಾಕಾಗಿ ಭಾಗ ಮಾಡಿ ಒಬ್ಬೊಬ್ಬರಿಗೆ ಒಂದೊಂದು ವಹಿಸಿದರು. ಗೇಟಿಗೆ ‘ಶ್ರಮದಾನ’ ಎಂಬ ಬ್ಯಾನರು ಕಟ್ಟಿಸಿದರು. ಮೈಯಲ್ಲಿ ಆಗದವರು ನಿಂಬೆಹಣ್ಣಿನ ಪಾನಕದ ಮೇಜಿನ ಬಳಿ ಕುಳಿತು ಲೋಟ ತುಂಬಿಸಬೇಕೆಂದೂ ನಿಯಮ ಮಾಡಿದರು. ಹೊಂಬಾಳಮ್ಮನ ತಾಕು ಮತ್ತು ಬೋರಲಿಂಗಯ್ಯನ ತಾಕು ಅಕ್ಕಪಕ್ಕ. ನಡುವೆ ಬಿಳಿಯ ಕಲ್ಲುಸಾಲು. ಲಂಕೆಗೂ ರಾಮೇಶ್ವರಕ್ಕೂ ನಡುವೆ ಸಮುದ್ರ ಇದ್ದ ಹಾಗೆ ಎಂದು ತಿಳಿಯಿರಿ.

ಈಗ ಕದನದ ಕಾರಣವನ್ನು ಕೇಳುವಂಥವರಾಗಿ.

ಹಿಂದಿನ ಭಾನುವಾರ ಹೊಂಬಾಳಮ್ಮ ತೋಪಿಗೆ ಬಂದಿರಲಿಲ್ಲ. ಬಹುಕಾಲದಿಂದ ಕೊಡುತ್ತಿದ್ದ ಮಂಡಿನೋವಿಗೆ ಮೈಸೂರಿನ ಆಸ್ಪತ್ರೆಗೆ ಹೋಗಿದ್ದಳು. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು, ಈ ಬುಧವಾರವಲ್ಲ, ಅದರ ಮುಂದಿನ ಬುಧವಾರ ಮಂಡಿಚಿಪ್ಪು ಬದಲಾಯಿಸುವ ಆಪರೇಷನ್ ಎಂದರು. ಆಮೇಲೆ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಆದರೆ ಕುಕ್ಕರಗಾಲಲ್ಲಿ ಕೂರುವುದು ಈ ಜನ್ಮಕ್ಕಿಲ್ಲ ಎಂದೂ ಹೇಳಿದರು. ಹೊಂಬಾಳಮ್ಮ ತಲೆಯಾಡಿಸಿ ಬಂದಳು.

ಅದೇ ಭಾನುವಾರ ಬೋರಲಿಂಗಯ್ಯ ಪಕ್ಕದ ತಾಕನ್ನು ನೋಡಿದ. ಮಳೆಗೆ ಸೊಕ್ಕಿದ ಲಂಟಾನದ ಪೊದೆ, ಕೀಳುವವಳಿಲ್ಲ. ಅಯ್ಯೋ ಪಾಪ ಎನ್ನಿಸಿತು. ತನ್ನ ತಾಕಿನಲ್ಲಿ ಮೊಳೆತಿದ್ದ ಲಂಟಾನದ ಸಣ್ಣ ಸಸಿಗಳನ್ನು ಆಮೇಲೆ ಕಿತ್ತರಾಯಿತೆಂದು ಬಿಟ್ಟು, ಮಚ್ಚು ಗುದ್ದಲಿ ಹಿಡಿದು ಕಲ್ಲುಸಾಲು ದಾಟಿದ. ಅರ್ಧ ದಿನ, ಒಬ್ಬನೇ, ಏಕಾಂಗವೀರನಾಗಿ ಆ ದುರ್ಗಮದುರ್ಗವನ್ನು ಬುಡಸಮೇತ ಅಗೆದು ಕೆಡವಿದ. ಸಂಜೆ ಟೀ ಅಂಗಡಿಯಲ್ಲಿ ಯಾರೋ ಕೇಳಿದ್ದಕ್ಕೆ ಒಂದು ಮಾತು ಆಡಿದ. ಆಡಬಾರದಿತ್ತು.

“ಪಾಪ, ಆಯಮ್ಮನ ಕೈಲಿ ಇನ್ನೇನಾದದು. ಹೋಗ್ಲಿ, ಒಂದು ದಾನ ಅನ್ಕಳಿ.”

ದಾನ ಎಂಬ ಆ ಎರಡಕ್ಷರ ಟೀ ಅಂಗಡಿಯಿಂದ ಹೊರಟು, ಸೈಕಲ್ ಶಾಪು ಹಾದು, ರಾಗಿ ಬೀಸಲು ಬಂದವರ ಡಬ್ಬಿಗಳ ಜೊತೆ ಗಿರಣಿಯ ಬಾಗಿಲಿಗೆ ಬಂದಿತು. ಹೊಂಬಾಳಮ್ಮ ಬೆಲ್ಟನ್ನು ನಿಲ್ಲಿಸಿದಳು. ಗಿರಣಿ ನಿಂತಾಗ ಬೀದಿಯೇ ಕಿವುಡಾದಂತಾಯಿತು. ಪ್ರಳಯಕಾಲದಲ್ಲಿ ಸಮುದ್ರವು ಉಕ್ಕುವ ಮೊದಲು ಹಿಂದೆ ಸರಿಯುವಂತೆ ಅಲ್ಲೊಂದು ಮೌನ. ಹಿಟ್ಟಿನಿಂದ ಬೆಳ್ಳಗಾದ ಹುಬ್ಬುಗಳ ನಡುವಿನಿಂದ ಆಕೆ ಪ್ರತಿಜ್ಞೆ ಮಾಡಿದಳು.

“ನಾನು ಯಾರತ್ರಾನೂ ದಾನ ಇಸ್ಕಂಡೋಳಲ್ಲ. ಈ ಭಾನುವಾರ ಆ ಕಂಡಕ್ಟ್ರು ಮುಯ್ಯಿ ತೀರ್ಸ್‌ದೆ ಬುಡಕ್ಕಿಲ್ಲ. ಇವತ್ತೇ ಹೇಳಿವ್ನಿ, ಎಲ್ಲಾರೂ ಕೇಳ್ಸ್ಕಳಿ.”

ಮುಯ್ಯಿ ಎಂಬ ಮಾತಿಗೆ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಮುಖ. ನಮ್ಮ ಸೀಮೆಯ ಗದ್ದೆಬಯಲಲ್ಲಿ ಅದು ಕೆಲಸದ ಕೊಡುಕೊಳ್ಳುವಿಕೆ. ಇವತ್ತು ನೀನು ನನ್ನ ಗದ್ದೆಗೆ ನಾಟಿಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಕಳೆ ಕೀಳಲು ಬರುತ್ತೇನೆ. ಕೂಲಿಯಿಲ್ಲ, ಉಪಕಾರವೂ ಇಲ್ಲ. ಆಳಿಗೆ ಆಳು, ಹೊತ್ತಿಗೆ ಹೊತ್ತು. ಹೊಂಬಾಳಮ್ಮ ಹೇಳಿದ್ದು ಈ ಮುಯ್ಯಿ. ಅರ್ಧ ದಿನ ಅವನು ಆಕೆಯ ತಾಕಿನಲ್ಲಿ ಕಿತ್ತಿದ್ದಾನೆ. ಅರ್ಧ ದಿನ ತಾನು ಅವನ ತಾಕಿನಲ್ಲಿ ಕೂತು ಕೀಳಬೇಕು. ಬುಧವಾರ ಕಳೆದರೆ ಕೂರುವ ಕಾಲೇ ಇರುವುದಿಲ್ಲ. ಈ ಭಾನುವಾರ ತಪ್ಪಿದರೆ ಅದು ಶಾಶ್ವತವಾಗಿ ದಾನವಾಗಿ ಉಳಿಯುತ್ತದೆ. ಅದನ್ನು ಹೊತ್ತುಕೊಂಡು ಆಪರೇಷನ್ ಮೇಜಿನ ಮೇಲೆ ಮಲಗಲು ಆಕೆಗೆ ಮನಸ್ಸಿರಲಿಲ್ಲ.

ಆದರೆ ಮುಯ್ಯಿ ಎಂದರೆ ಸೇಡು ಎಂತಲೂ ಉಂಟಷ್ಟೆ. ಅದೇ ಹೊತ್ತಿಗೆ ಗೋಧಿಯ ಡಬ್ಬಿ ಹಿಡಿದು ಗಿರಣಿಯಲ್ಲಿ ನಿಂತಿದ್ದ ವನಜಾಕ್ಷಿ ಮೇಡಂಗೆ ಗೊತ್ತಿದ್ದದ್ದು ಆ ಮುಖವೊಂದೇ. ಹಿಟ್ಟು ಬಡಿದ ಹುಬ್ಬು, ಗಂಟಿಕ್ಕಿದ ಮುಖ, ಕೈಯಲ್ಲಿ ಕಬ್ಬಿಣದ ಸಲಿಕೆ. ಮೇಡಂ ಹಿಟ್ಟು ಬೀಸಿಸಿಕೊಳ್ಳದೆ ಮನೆಗೆ ಹೋದರು.

ಇತ್ತ ಬೋರಲಿಂಗಯ್ಯನ ಕಿವಿಗೂ ಪ್ರತಿಜ್ಞೆ ಬಿತ್ತು. ಅವನು ಅದೇ ಸೀಮೆಯವನು, ಮುಯ್ಯಿಯ ಅರ್ಥ ಸರಿಯಾಗಿಯೇ ತಿಳಿಯಿತು. ತಿಳಿದದ್ದಕ್ಕೇ ಹೆದರಿದ. ಯಾಕೆಂದರೆ ಅರ್ಧ ದಿನ ಗುದ್ದಲಿ ಬೀಸಿದ್ದಕ್ಕೆ ಆ ಉದ್ದಂಡಮೇರುದಂಡ ಸೋಮವಾರ ಬೆಳಗ್ಗೆಯಿಂದ ಹಿಡಿದುಕೊಂಡಿತ್ತು. ನೆಟ್ಟಗೆ ನಿಲ್ಲಬಹುದು, ನಡೆಯಬಹುದು, ಬಗ್ಗುವಂತಿರಲಿಲ್ಲ. ಹೆಂಡತಿಗೆ ಗ್ಯಾಸು ಎಂದು ಹೇಳಿ, ಚಪ್ಪಲಿಯನ್ನು ಕಾಲಿನಿಂದಲೇ ಹುಡುಕಿ ಹಾಕಿಕೊಳ್ಳುತ್ತಿದ್ದ. ಅವನ ತಾಕಿನಲ್ಲಾದರೋ ಬಿಟ್ಟುಬಂದ ಸಸಿಗಳು ಸೈಕ್ಲೋನಿಗೆ ಚಿಗಿತು, ಪಾಚಿಯಂತೆ ನೆಲ ಮುಚ್ಚಿದ್ದವು. ಅದನ್ನು ಹೊಂಬಾಳಮ್ಮ ಕಂಡರೆ, ಯಾಕೆ ಕಿತ್ತಿಲ್ಲ ಎಂದು ಕೇಳುತ್ತಾಳೆ. ಸೊಂಟ ಎಂದರೆ ಮೇಡಂ ಪಾನಕದ ಮೇಜಿಗೆ ಕಳಿಸುತ್ತಾರೆ. ಒಮ್ಮೆ ಬಸ್ಸಿನಿಂದ ಇಳಿದವನಿಗೆ ಇನ್ನೊಮ್ಮೆ ಇಳಿಯುವ ಮನಸ್ಸಿರಲಿಲ್ಲ. ಆದ್ದರಿಂದ ಟೀ ಅಂಗಡಿಯಲ್ಲಿ ಪ್ರತಿಘೋಷಣೆ ಮಾಡಿದ.

“ನನ್ ತಾಕಲ್ಲಿ ಕೀಳಕ್ಕೆ ಏನದೆ ಅಂತ. ಒಂದು ಎಲೆ ಲಂಟಾನ ತೋರ್ಸ್‌ಬುಡ್ಲಿ, ಮೀಸೆ ತೆಗ್ದಾಕ್ತೀನಿ.”

ಹೀಗೆ ಒಬ್ಬಳಿಗೆ ತೀರಿಸದೆ ಮಾನವಿಲ್ಲ, ಇನ್ನೊಬ್ಬನಿಗೆ ತೀರಿಸಿಕೊಂಡರೆ ಮಾನವಿಲ್ಲ. ಮಹಾಯುದ್ಧಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಆಗಿಹೋಗಿವೆ.

ಮತ್ತೆ ಆ ಮಂಜಿನ ಬೆಳಗಿಗೆ ಬರೋಣ.

ಎಲ್ಲರಿಗಿಂತ ಮೊದಲು ತೋಪಿಗೆ ಬಂದವರು ವನಜಾಕ್ಷಿ ಮೇಡಂ. ಉದ್ಯಾನದ ಕಾವಲುಗಾರ ಗುರುಸಿದ್ದನನ್ನು ಎಬ್ಬಿಸಿ, ಇದ್ದ ಮಚ್ಚುಗಳನ್ನೂ ಗುದ್ದಲಿಗಳನ್ನೂ ಹಾರೆಯನ್ನೂ ಕೋಣೆಯಲ್ಲಿ ಹಾಕಿ ಬೀಗ ಜಡಿಸಿದರು. ದೇವಾಸುರರ ಕಾಲದಿಂದಲೂ ಆಯುಧಗಳನ್ನು ಯುದ್ಧಕ್ಕೆ ಮೊದಲು ಹೊರತೆಗೆಯುವುದೇ ವಾಡಿಕೆ. ಒಳಗಿಟ್ಟು ಬೀಗ ಹಾಕಿದ ಸೇನಾಪತಿ ಇವರೊಬ್ಬರೇ.

“ಇವತ್ತು ಕೈಯಲ್ಲಿ ಕೀಳುವ ಕೆಲಸ ಮಾತ್ರ. ಯಾರು ಕೇಳಿದರೂ ಬೀಗದಕೈ ಕಳೆದಿದೆ ಅಂತ ಹೇಳಿ.”

“ಯಾಕ್ ಮೇಡಮ್ಮೋರೇ?”

“ಹೊಂಬಾಳಮ್ಮ ಮುಯ್ಯಿ ತೀರಿಸ್ತಾರಂತೆ.”

“ತೀರಿಸ್ಲಿ ಬುಡಿ, ಒಳ್ಳೇದೆ,” ಎಂದ ಗುರುಸಿದ್ದ, ಆಕಳಿಸುತ್ತ. ಮೇಡಂ ಅವನನ್ನು ಬಹಳ ಹೊತ್ತು ನೋಡಿದರು. ಇಷ್ಟು ದಿನ ಸಾಧು ಮನುಷ್ಯ ಅಂದುಕೊಂಡಿದ್ದರು.

ಎರಡನೆಯವನಾಗಿ ಬಂದವನು ಬೋರಲಿಂಗಯ್ಯ. ಬಲದಿಂದ ಗೆಲ್ಲಲಾಗದ ಕಡೆ ಮಾಯಾಯುದ್ಧ ಮಾಡಬೇಕೆಂದು ರಾತ್ರಿಯೇ ನಿಶ್ಚಯಿಸಿದ್ದ. ಒಣಗಲು ಬಂಡೆಯ ಮೇಲೆ ಹಾಕಿದ್ದ ಲಂಟಾನದ ರಾಶಿಯಿಂದ, ಹಿಂದಿನ ದಿನ ಗುರುಸಿದ್ದ ಬೇಲಿಯಂಚಿನಿಂದ ಕಡಿದು ಹಾಕಿದ್ದ ಆಳೆತ್ತರದ ಹಸಿರು ಕೊಂಬೆಯೊಂದನ್ನು ನಿಂತಲ್ಲಿಂದಲೇ ಎಳೆದುಕೊಂಡ. ಮೆತ್ತನೆಯ ನೆಲ ನೋಡಿ, ತನ್ನ ತಾಕಿನ ಅಂಚಿನಲ್ಲಿ, ಕಲ್ಲುಸಾಲಿಗೆ ಹತ್ತಿಕೊಂಡಂತೆ, ಈಟಿ ಚುಚ್ಚುವ ಹಾಗೆ ಚುಚ್ಚಿ ನಿಲ್ಲಿಸಿದ. ಅದೊಂದನ್ನು ಕಿತ್ತು ಮುಯ್ಯಿ ತೀರಿತೆಂದು ಆಯಮ್ಮ ಅತ್ತಲಿಂದತ್ತಲೇ ಹೋಗಲಿ ಎಂಬುದು ಅವನ ವ್ಯೂಹ.

ಮಂಜಿನೊಳಗಿಂದ ಹೊಂಬಾಳಮ್ಮ ಬಂದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತಲೆಗೆ ಟವೆಲ್ ಕಟ್ಟಿ, ಕಂಕುಳಲ್ಲಿ ಗೋಣಿಚೀಲ ಇಟ್ಟು, ಎಡಗಾಲನ್ನು ಒಂದಿಷ್ಟು ಎಳೆದುಕೊಂಡು. ಐರಾವತವು ಮೋಡಗಳಿಂದ ಇಳಿದು ಬರುವಾಗ ಹೀಗೇ ಕಂಡೀತು. ಬಳಗದವರು ಕೆಲಸ ಬಿಟ್ಟು ದಾರಿಗೆ ಬಂದು ನಿಂತರು. ಬೋರಲಿಂಗಯ್ಯ ಕಲ್ಲುಸಾಲಿನ ಮೇಲೆ ಧ್ವಜಸ್ತಂಭದಂತೆ ನಿಂತು ಸೀಟಿ ಊದಿದ. ಹುಣಿಸೆಮರದ ಕಾಗೆಗಳು ಎದ್ದವು.

ಆಗ ಆ ಋಣಲೇಶಾಸಹಿಷ್ಣುವಿನ ಅಂತರಂಗದಲ್ಲಿ ಘನಗಂಭೀರವಾದ ವಾಗ್ಝರಿಯೊಂದು ಉದ್ಭವಿಸಿತು. “ಎಲೈ ಶಕಟಸೋಪಾನವಿಹಾರಿಯೇ, ಲಾಲಿಸು. ಪರರ ಲಲಾಟದಿಂದುದುರಿದ ಸ್ವೇದಬಿಂದುವೊಂದು ನನ್ನ ನೆಲವನ್ನು ತೋಯಿಸಿದರೆ, ತತ್ಸಮಾನವಾದ ಸ್ವೇದಬಿಂದುವನ್ನು ಪರರ ನೆಲಕ್ಕೆ ಸಲ್ಲಿಸದ ಹೊರತು ಸುಖನಿದ್ರೆಯನ್ನು ಕಾಣದ ವಂಶದಲ್ಲಿ ಜನಿಸಿದವಳು ನಾನು. ಕರುಣೆಯೆಂಬ ಕತ್ತಿಯಿಂದ ನನ್ನನ್ನು ಇರಿದಿದ್ದೀಯೆ. ಪ್ರತ್ಯರ್ಪಣವನ್ನು ಸ್ವೀಕರಿಸು, ಇಲ್ಲವೇ ಮಾರ್ಗದಿಂದ ಸರಿ.” ಬಾಯಿಗೆ ಬಂದದ್ದು ಇಷ್ಟು.

“ದಾರಿ ಬುಡಿ ಕಂಡಕ್ಟ್ರೇ. ಕಿತ್ಬುಟ್ಟು ಹೋಯ್ತೀನಿ.”

ಅದಕ್ಕೆ ರಜತಸೀಟಿಶಂಖಧಾರಿಯು, ತೃಣಾಂಕುರಮಾತ್ರವೂ ಕಲ್ಮಷವಿಲ್ಲದ ತನ್ನ ಭೂಮಂಡಲದ ನೈರ್ಮಲ್ಯವನ್ನೂ, ಸ್ತ್ರೀಯರಿಂದ ಪ್ರತ್ಯುಪಕಾರವನ್ನು ಅಪೇಕ್ಷಿಸದ ತನ್ನ ಔದಾರ್ಯವನ್ನೂ, ಬಗ್ಗದ ತನ್ನ ಬೆನ್ನಿನ ಪೂರ್ವಚರಿತ್ರೆಯನ್ನೂ ಸವಿಸ್ತಾರವಾಗಿ ಕೊಂಡಾಡುವ ಉತ್ತರವೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಹೀಗೆಂದ.

“ಏನೂ ಇಲ್ಲ ಕಣಕ್ಕ ಇಲ್ಲಿ. ಹಿಂದಕ್ಕೋಗಿ.”

“ಏನೂ ಇಲ್ದೆ ಇದ್ರೆ ಯಾಕ್ ಅಡ್ಡ ನಿಂತೀರಿ?”

“ನನ್ ತಾಕು, ನಾನು ನಿಂತ್ಕತೀನಿ.”

“ಓದ್ ಭಾನುವಾರ ನನ್ ತಾಕಲ್ಲಿ ನಿಂತಿದ್ರಲ್ಲ, ಯಾರ್ನ್ ಕೇಳಿದ್ರಿ?”

ಅಷ್ಟರಲ್ಲಿ ವನಜಾಕ್ಷಿ ಮೇಡಂ ಇಬ್ಬರ ನಡುವೆ ಕೈಗಳನ್ನು ಅಗಲಿಸಿ ನಿಂತರು.

“ಹೊಂಬಾಳಮ್ಮ, ದಮ್ಮಯ್ಯ, ಈ ಮುಯ್ಯಿ ಎಲ್ಲ ಬೇಡ ಮಾರಾಯ್ರೆ. ಪಾಪ, ವಯಸ್ಸಾದವರು. ಏನೋ ತಿಳಿಯದೆ ಮಾಡಿದ್ದಾರೆ.”

“ತಿಳ್ದೇ ಮಾಡವ್ರೆ ಮೇಡಮ್ಮ. ಅರ್ಧ ದಿನ ಬುಡ್ದಂಗೆ ಮಾಡವ್ರೆ. ನಾನೂ ಅರ್ಧ ದಿನ ಬುಡ್ದಂಗೆ ಮಾಡ್ಬುಡ್ತೀನಿ.”

“ಅರ್ಧ ದಿನವಾ? ಅಷ್ಟು ಹೊತ್ತು ಮನುಷ್ಯ ಬದುಕುವುದುಂಟಾ?”

“ಬದುಕ್ದೆ ಏನು, ನಾಟಿ ಕಾಲ್ದಲ್ಲಿ ನಾವು ಇಡೀ ದಿನ ಮಾಡ್ತಿದ್ದೊ. ನಮ್ಮತ್ತೆಗೆ ನಾನು ಮುಯ್ಯಿ ತೀರ್ಸಿವ್ನಿ, ನಮ್ಮ್ ವಾರ್ಗಿತ್ತಿಗೆ ತೀರ್ಸಿವ್ನಿ. ಎಲ್ಲಾರ್ಗೂ ಕೈಯಲ್ಲೇ ತೀರ್ಸಿದ್ದು.”

ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು.

“ಕ್ಷಮಿಸಿಬಿಡಿ ಹೊಂಬಾಳಮ್ಮ. ಕ್ಷಮಿಸಿದರೆ ದೊಡ್ಡವರಾಗ್ತೀರಿ.”

“ಮುಯ್ಯಿ ಕ್ಷಮ್ಸದು ಎಲ್ಲಾರ ಉಂಟಾ ಮೇಡಮ್ಮ,” ಎಂದಳು ಹೊಂಬಾಳಮ್ಮ, ನಿಜವಾಗಿಯೂ ಅರ್ಥವಾಗದೆ. “ಕ್ಷಮ್ಸೋರು ಅವ್ರು, ನಾನಲ್ಲ. ಅವ್ರು ಕ್ಷಮ್ಸುದ್ರೆ ಅದು ದಾನ ಆಯ್ತದೆ. ಅದ್ಕೇ ನಾನು ಬಂದಿರದು.”

ಬಳಗದವರಲ್ಲಿ ಯಾರೋ ನಕ್ಕರು. ಗುರುಸಿದ್ದ ಮಧ್ಯಸ್ಥಿಕೆಗೆ ಬಂದ. “ಅವ್ವಾ, ಅಷ್ಟಕ್ಕೆ ಯಾಕೆ ಜಗ್ಳ. ಕಂಡಕ್ಟ್ರು ಮನೆ ರಾಗಿ ನಾಕ್ ಸಲ ಸುಮ್ನೆ ಬೀಸ್ಕೊಟ್ಬುಡು. ಸರಿಹೋಯ್ತದೆ.”

“ಬೆವ್ರು ಇಸ್ಕಂಡು ಹಿಟ್ಟು ಕೊಡಕ್ಕೆ ನಾನೇನು ವ್ಯಾಪಾರ ಮಾಡಕ್ ಬಂದಿ‌ದ್ದೀನ್ಲಾ? ಸರ್ಕೊ.”

ಹೀಗೆಂದವಳೇ ಕಲ್ಲುಸಾಲಿಗೆ ಬಂದಳು. ಮಾಯಾಕೊಂಬೆ ಕಣ್ಣಿಗೆ ಬಿತ್ತು. ಬೋರಲಿಂಗಯ್ಯನ ಮೀಸೆಯಂಚು ಅಲುಗಿತು.

“ಅಗೋ, ಅದೊಂದ್ ಉಳ್ದದೆ ನೋಡಿ. ಬೇಕಾದ್ರೆ ಅದ್ನ ಕಿತ್ಕಂಡು ತೀರ್ತು ಅನ್ಕಂಡು ಹೋಗಿ.”

ತನ್ನ ತಾಕಿನಲ್ಲಿ ಒಂದು ಎಲೆಯೂ ಇಲ್ಲವೆಂದು ಸಾರಿದ ಬಾಯಿಯಲ್ಲೇ ಈ ಮಾತು ಬಂದದ್ದನ್ನು ಎಲ್ಲರೂ ಗಮನಿಸಿದರು. ಮೀಸೆಯ ಕಡೆ ನೋಡಿದರು.

ಹೊಂಬಾಳಮ್ಮ ಎರಡೂ ಕೈಯಿಂದ ಕೊಂಬೆಯ ಬುಡ ಹಿಡಿದು, ಮಂದರಪರ್ವತವನ್ನು ಕಿತ್ತೆತ್ತುವವಳಂತೆ ಉಸಿರು ಬಿಗಿಹಿಡಿದು ಎಳೆದಳು. ಕೊಂಬೆ ಬೆಣ್ಣೆಯಿಂದ ಕೂದಲು ಬಂದಂತೆ ಬಂದಿತು. ಎಳೆದ ರಭಸಕ್ಕೆ ತಾನೇ ಎರಡು ಹೆಜ್ಜೆ ಹಿಂದೆ ಹೋಗಿ, ಸಾವರಿಸಿಕೊಂಡು, ಅದರ ಬುಡವನ್ನು ತಿರುಗಿಸಿ ನೋಡಿದಳು. ಮಚ್ಚಿನಿಂದ ಓರೆಯಾಗಿ ಕಡಿದ ಗುರುತು ಬೆಳ್ಳಗೆ ಹೊಳೆಯುತ್ತಿತ್ತು.

“ಕಂಡಕ್ಟ್ರೇ, ಇದ್ಕೆ ಬೇರೇ ಇಲ್ವಲ್ಲ.”

“ಎಳೇದು ಕಣಕ್ಕ. ಇನ್ನೂ ಬುಟ್ಟಿಲ್ಲ.”

“ನನ್ಗಿಂತ ಉದ್ದ ಬೆಳ್ದದೆ.”

“ಮಳೆ ಚೆನ್ನಾಗಾಯ್ತಲ್ಲ.”

ಆಕೆ ಕೊಂಬೆಯನ್ನು ಪಕ್ಕಕ್ಕಿಟ್ಟು, ಕಲ್ಲುಸಾಲು ದಾಟಲು ಕಾಲೆತ್ತಿದಳು. ಬೋರಲಿಂಗಯ್ಯ ಕೊನೆಯ ಅಸ್ತ್ರವಾಗಿ ಸೀಟಿಯನ್ನು ತುಟಿಗಿಟ್ಟ. ಮಂಜಿಗೆ ತೇವವಾಗಿದ್ದ ಸೀಟಿ ಜಾರಿ ಬಿತ್ತು. ಇಬ್ಬರ ನಡುವೆ, ಹುಲ್ಲಿನ ಮೇಲೆ, ಬೆಳ್ಳಗೆ.

ಎಲ್ಲರೂ ಅವನು ಎತ್ತಿಕೊಳ್ಳಲೆಂದು ಕಾದರು. ಅವನು ಎತ್ತಿಕೊಳ್ಳಲಿಲ್ಲ. ಸೀಟಿಯನ್ನು ನೋಡಿದ. ಮರದ ತುದಿಯನ್ನು ನೋಡಿದ. ಸೂರ್ಯನಾರಾಯಣನು ಹುಣಿಸೆಮರದ ಮೇಲಕ್ಕೆ ಬಂದು ಅವನೂ ನೋಡಿದ.

“ಸೀಟಿ ಬಿತ್ತು,” ಎಂದ ಗುರುಸಿದ್ದ.

“ಗೊತ್ತು.”

“ಎತ್ಕಳಿ.”

“ಅಲ್ಲೇ ಇರ್ಲಿ. ಆಮೇಲ್ ಎತ್ಕತೀನಿ.”

ಹೊಂಬಾಳಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೆಟ್ಟನೆಯ ಬೆನ್ನು, ಬಿಗಿದ ದವಡೆ, ಎಡಗೈ ಸೊಂಟದ ಹಿಂದೆ. ಆಕೆಗೆ ನೋವಿನ ಭಾಷೆ ಗೊತ್ತಿತ್ತು. ದನಿ ತಗ್ಗಿಸಿ, ಅವನಿಗಷ್ಟೇ ಕೇಳುವಂತೆ ಕೇಳಿದಳು.

“ಸೊಂಟ ಹಿಡ್ಕಂಡದಾ?”

“ಇಲ್ಲ.”

“ಯಾವತ್ತಿಂದ?”

“ಓದ್ ಭಾನುವಾರ್ದಿಂದ.”

“ನನ್ ತಾಕಿಂದ.”

“ಮೇಡಮ್ಮಂಗೆ ಹೇಳ್ಬ್ಯಾಡಿ ಕಣಕ್ಕ. ಪಾನಕ ಹುಯ್ಯಕ್ ಕೂರಿಸ್ತಾರೆ.”

“ನನ್ಗೆ ಬುಧವಾರ ಮಂಡಿ ಕೂಯ್ತಾರೆ. ಆಮೇಲೆ ಕುಕ್ಕರಗಾಲಲ್ಲಿ ಕೂರಂಗಿಲ್ಲ ಅಂದವ್ರೆ. ನೀವು ದಾರಿ ಬುಡ್ದೆ ಇದ್ರೆ ನಾನು ಇದ್ನ ಹೊತ್ಕಂಡೇ ಸಾಯ್ಬೇಕು.”

ಬೋರಲಿಂಗಯ್ಯ ಬಸ್ಸಿನ ಬಾಗಿಲಲ್ಲಿ ಹೆಂಗಸರಿಗೆ ಜಾಗ ಬಿಡುವಾಗ ಸರಿಯುವಂತೆ, ಬೆನ್ನು ಬಗ್ಗಿಸದೆ, ಒಂದು ಪಕ್ಕಕ್ಕೆ ಸರಿದ.

ಆ ಮಹಾಸಮರ ಹೀಗೆ ಮುಗಿಯಿತು. ಅಥವಾ ಹೀಗೆ ಶುರುವಾಯಿತು. ಹೊಂಬಾಳಮ್ಮ ತಾಕಿನೊಳಗೆ ಹೋಗಿ, ಬಲಗೈಯನ್ನು ನೆಲಕ್ಕೆ ಊರಿ, ಎಡಮಂಡಿ ಕಟಕಟ ಎನ್ನುತ್ತಿರುವಾಗ ಮಾರವ್ವನ ಹೆಸರು ಹೇಳಿಕೊಂಡು, ಸಾವಧಾನವಾಗಿ ಕುಕ್ಕರಗಾಲಲ್ಲಿ ಕೂತಳು. ಹಸಿರು ಪಾಚಿಯಂತೆ ಹರಡಿದ್ದ ಲಂಟಾನದ ಮರಿಗಳು, ಬೆರಳುದ್ದ, ನಾಲ್ಕೇ ಎಲೆ. ಒಂದೊಂದನ್ನೂ ಬುಡದಲ್ಲಿ ಹಿಡಿದು, ಬೇರು ಹರಿಯದಂತೆ ಎಳೆದು, ಮಣ್ಣನ್ನು ಅಲ್ಲೇ ಕೊಡವಿ, ಗೋಣಿಚೀಲಕ್ಕೆ ಹಾಕತೊಡಗಿದಳು. ಎಡೆಯಲ್ಲಿ ಒಂದು ಬಿಲ್ವದ ಮೊಳಕೆ ಸಿಕ್ಕರೆ ಕೈಯನ್ನು ಅದರ ಸುತ್ತ ಬಳಸಿ ಮುಂದೆ ಹೋಗುತ್ತಿದ್ದಳು.

ಬಳಗದ ಹುಡುಗಿಯೊಬ್ಬಳು ಸಹಾಯಕ್ಕೆ ಕೂರಲು ಬಂದಳು. ಹೊಂಬಾಳಮ್ಮ ತಲೆಯೆತ್ತಲಿಲ್ಲ. “ಬ್ಯಾಡ ಕಣವ್ವ. ಇದು ನಂದು.”

ವನಜಾಕ್ಷಿ ಮೇಡಂ ಗುರುಸಿದ್ದನ ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿದರು.

“ಗುರುಸಿದ್ದ, ಹಾಗಾದರೆ ಹೊಡೆಯುವುದಿಲ್ವಾ?”

“ಯಾರ್ನ?”

ಮೇಡಂ ಬೀಗದಕೈ ತೆಗೆದುಕೊಂಡು ಹೋಗಿ ಕೋಣೆಯ ಬಾಗಿಲು ತೆಗೆದರು. ಮಿಕ್ಕವರು ತಮ್ಮ ತಮ್ಮ ಮಚ್ಚು ಗುದ್ದಲಿ ಹಿಡಿದು ತಮ್ಮ ತಮ್ಮ ತಾಕುಗಳಿಗೆ ಚದುರಿದರು. ತೋಪಿನಲ್ಲಿ ಕಡಿಯುವ ಸದ್ದು, ಎಳೆಯುವ ಸದ್ದು, ಯಾರೋ ಮುಳ್ಳು ಚುಚ್ಚಿಕೊಂಡು ಬೈಯುವ ಸದ್ದು. ಬೋರಲಿಂಗಯ್ಯ ಮಾತ್ರ ಅಲ್ಲೇ ನಿಂತಿದ್ದ. ಕೂರಲಾರ, ಬಗ್ಗಲಾರ, ಬಿಟ್ಟುಹೋಗಲಾರ. ಮೇಲಿನಿಂದ ಚೆನ್ನಾಗಿ ಕಾಣುತ್ತಿದ್ದುದರಿಂದ ಆಗಾಗ ಒಂದು ಮಾತು ಹೇಳುತ್ತಿದ್ದ.

“ಆ ಕಲ್ ಪಕ್ಕ ಒಂದದೆ.”

“ಕಂಡದೆ.”

“ಅದಲ್ಲ, ಆಚೇದು. ಅದು ತುಂಬೆ. ಅದ್ನ ಬುಡಿ.”

“ತುಂಬೆ ನನ್ಗೆ ಗೊತ್ತಿಲ್ವಾ ಕಂಡಕ್ಟ್ರೇ. ನೀವು ಸುಮ್ಕೆ ನಿಂತ್ಕಳಿ, ಮುಂದಿನ್ ಸ್ಟಾಪಲ್ಲಿ ಹೇಳ್ತೀನಿ.”

ಬಹುಶಃ ಆ ದಿನ ಬೋರಲಿಂಗಯ್ಯ ನಕ್ಕದ್ದು ಆಗೊಮ್ಮೆಯೇ. ನಗು ಸೊಂಟಕ್ಕೆ ತಾಗಿ ಅಲ್ಲಿಗೇ ನಿಲ್ಲಿಸಿದ.

ಮಧ್ಯಾಹ್ನ ಸಕ್ಕರೆ ಕಾರ್ಖಾನೆಯ ಸೈರನ್ ಕೂಗಿತು. ಆ ಸೀಮೆಯಲ್ಲಿ ಅರ್ಧ ದಿನದ ಅಳತೆ ಅದೇ. ಬಳಗದವರು ಗೇಟಿನ ಬಳಿ ಇಟ್ಟಿದ್ದ ಚಿತ್ರಾನ್ನದ ಕಡೆಗೆ ಹೊರಟರು. ಹೊಂಬಾಳಮ್ಮ ಕೈ ಕೊಡವಿದಳು. ದಶದಿಕ್ಕುಗಳೂ ಜಯಭೇರಿಗಾಗಿ ಕಿವಿಗೊಟ್ಟಿದ್ದ ಆ ಮಹಾಮುಹೂರ್ತದಲ್ಲಿ, ಗೆದ್ದ ರಣರಂಗದ ವಿಸ್ತಾರ ಎಷ್ಟೆಂದರೆ ಎರಡು ಚಾಪೆ ಹಾಸಿದಷ್ಟು. ಹತರಾದ ಶತ್ರುಗಳೆಲ್ಲ ಸೇರಿ ಒಂದು ಗೋಣಿಚೀಲದ ಅರ್ಧಕ್ಕೆ ಬಂದಿದ್ದರು.

“ತೀರ್ತಾ?” ಎಂದು ಕೇಳಿದಳು.

“ತೀರ್ತು ಕಣಕ್ಕ.”

“ದಾನ ಗೀನ ಏನೂ ಇಲ್ಲ ಅಲ್ವಾ?”

“ಏನೂ ಇಲ್ಲ.”

ಆಕೆ ಏಳಲು ಹೋದಳು. ಏಳಲಾಗಲಿಲ್ಲ. ಮಂಡಿ ಅಲ್ಲೇ ಬೀಗ ಹಾಕಿಕೊಂಡಿತ್ತು. ಬೋರಲಿಂಗಯ್ಯ ಕೈ ಚಾಚಿದ. ಅವನ ಕೈ ಇಳಿಯುವ ಮಟ್ಟಕ್ಕೂ ಅವಳ ಕೈ ಏರುವ ಮಟ್ಟಕ್ಕೂ ನಡುವೆ ಗೇಣಷ್ಟು ಆಕಾಶ ಉಳಿಯಿತು. ಇಬ್ಬರೂ ಇನ್ನೊಮ್ಮೆ ಪ್ರಯತ್ನಿಸಿ, ಬಿಟ್ಟು, ಗೇಟಿನ ಕಡೆ ನೋಡಿದರು. ಅಲ್ಲಿ ಎಲ್ಲರೂ ಚಿತ್ರಾನ್ನ ತಿನ್ನುತ್ತಿದ್ದರು.

“ಸೀಟಿ ಊದಿ.”

“ಕೆಳಗ್ ಬಿದ್ದದಲ್ಲ.”

ಹಾಗಾಗಿ ಕಾದರು. ಅವನು ನಿಂತು, ಅವಳು ಕೂತು. ಸುಮ್ಮನೆ ಕೂರಲು ಬಾರದವಳ ಕೈಗಳು ಅಷ್ಟರಲ್ಲಿ ತಮ್ಮಷ್ಟಕ್ಕೆ ತಾವೇ ಎಡಬಲದಲ್ಲಿ ಸಿಕ್ಕ ಮರಿಗಳನ್ನು ಕೀಳುತ್ತಲೇ ಇದ್ದವು. ವನಜಾಕ್ಷಿ ಮೇಡಂ ಎರಡು ಎಲೆಯಲ್ಲಿ ಚಿತ್ರಾನ್ನ ಹಿಡಿದು ಬರುವ ಹೊತ್ತಿಗೆ ಚೀಲ ಇನ್ನಷ್ಟು ಉಬ್ಬಿತ್ತು. ಮೇಡಂ ಎಲೆಗಳನ್ನು ಕಲ್ಲಿನ ಮೇಲಿಟ್ಟು, ಕಂಕುಳಿಗೆ ಕೈಹಾಕಿ ಹೊಂಬಾಳಮ್ಮನನ್ನು ಎಬ್ಬಿಸಿ ನಿಲ್ಲಿಸಿದರು.

ಬೋರಲಿಂಗಯ್ಯ ಚೀಲವನ್ನು ನೋಡುತ್ತಿದ್ದ.

“ಸೈರನ್ ಆದ್ಮೇಲೆ ಕಿತ್ತಿದ್ದು?”

“ಅದೇನ್ ಬುಡಿ. ಕೈ ಸುಮ್ನಿರ್ದೆ ಕಿತ್ತಿದ್ದು. ಲೆಕ್ಕುಕ್ಕಿಲ್ಲ.”

“ಲೆಕ್ಕುಕ್ಕಿಲ್ಲ ಅಂದ್ರೆ ಏನಾಯ್ತದೆ, ನೀವೇ ಹೇಳಿ.”

“ದಾನ ಆಯ್ತದೆ,” ಎಂದಳು ಹೊಂಬಾಳಮ್ಮ.

ಬೋರಲಿಂಗಯ್ಯ ಮೇಡಂ ಕಡೆ ತಿರುಗಿದ. ಬಹಳ ಕಷ್ಟದಿಂದ, ಯಾರನ್ನೂ ನೋಡದೆ ಹೇಳಿದ. “ಮೇಡಂ, ಆ ಚೀಲ ಒಂದ್ಚೂರು ನನ್ ಹೆಗಲ್ಗೆ ಇಟ್ಬುಡಿ. ನನ್ಗೆ ಬಗ್ಗಕ್ಕಾಗಕ್ಕಿಲ್ಲ.”

ಮೇಡಂ ಎರಡೂ ಕೈಯಿಂದ ಎತ್ತಲು ಹೋಗಿ, ಒಂದು ಕೈಯೇ ಸಾಕೆಂದು ಕಂಡು, ಎತ್ತಿ ಇಟ್ಟರು. ಪಾನಕದ ಮೇಜಿನ ಮಾತು ಎತ್ತಲಿಲ್ಲ. ಅವನು ನೆಟ್ಟಗೆ, ಸಾವಕಾಶವಾಗಿ, ತೋಪಿನಾಚೆಯ ಬಂಡೆಯವರೆಗೆ ನಡೆದ. ಕಿತ್ತದ್ದನ್ನು ಕಿತ್ತವರೇ ಬಂಡೆಗೆ ಹೊತ್ತು ಹಾಕಬೇಕಾದ್ದರಿಂದ ಆ ನಡಿಗೆ ಹೊಂಬಾಳಮ್ಮನ ಪಾಲಿನದಾಗಿತ್ತು. ಅಲ್ಲಿ ಚೀಲವನ್ನು ಹೆಗಲಿನಿಂದಲೇ ಓರೆ ಮಾಡಿ, ಬೇರು ಮೇಲಾಗಿ ಒಣಗುವಂತೆ ಬಿಸಿಲಿಗೆ ಸುರಿದ. ಖಾಲಿ ಚೀಲವನ್ನು ಬಂಡೆಗೆ ಎರಡು ಸಲ ಬಡಿದು ಮಣ್ಣು ಕೊಡವಿ, ನಾಲ್ಕು ಮಡಿಕೆ ಮಾಡಿದ. ತಿರುಗಿ ಬಂದು ಅದನ್ನು ಹೊಂಬಾಳಮ್ಮನ ಕೈಗೆ ಕೊಟ್ಟ.